ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಒಪೆರಾ ಕೇಳಲು ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಕರ್ನಾಟಕ ಸಂಗೀತ ಅಲ್ಪಸ್ವಲ್ಪ ಗೊತ್ತು, ಮೊಜಾರ್ಟ್, ಬೀಥೋವನ್ ಪ್ಲೇಲಿಸ್ಟ್ ಹಾಕಿದರೆ ಹತ್ತು ನಿಮಿಷಕ್ಕೆ ಗಮನ ಎಲ್ಲೋ ಹೋಗುತ್ತದೆ, ಒಪೆರಾ ಅಂತೂ ಕಿರುಚಾಟದ ಹಾಗೆ ಕೇಳಿಸುತ್ತದೆ.

ಮೊದಲು ಆ ಪ್ಲೇಲಿಸ್ಟ್ ಅಳಿಸಿಹಾಕಿ. ಅಂಥ ಪಟ್ಟಿಗಳಲ್ಲಿ ಇರುವುದು ಬೇರೆಬೇರೆ ಕೃತಿಗಳಿಂದ ಕಿತ್ತು ತಂದ ತುಣುಕುಗಳು. ಒಂದರ ಪಲ್ಲವಿ, ಇನ್ನೊಂದರ ಚರಣ ಸೇರಿಸಿ ಹಾಡಿದರೆ ನಿಮಗೆ ಯಾವ ಕೀರ್ತನೆ ತಾನೇ ಹಿಡಿಸೀತು? ಒಂದೇ ಕೃತಿ ಹಿಡಿದು ಎರಡು ವಾರ ಅದನ್ನೇ ಕೇಳಿ. ನನ್ನ ಆಯ್ಕೆ ಬೀಥೋವನ್‌ನ ಐದನೇ ಸಿಂಫನಿ, ಅಂದರೆ ಇಡೀ ಆರ್ಕೆಸ್ಟ್ರಾಕ್ಕೆಂದು ಬರೆದ, ಹಲವು ಭಾಗಗಳ ದೊಡ್ಡ ಕೃತಿ. ಎಲ್ಲರಿಗೂ ಗೊತ್ತಿರುವುದನ್ನೇ ಹೇಳಿದಿರಲ್ಲ ಅನ್ನಬೇಡಿ. ಗೊತ್ತಿರುವುದು ಮೊದಲ ನಾಲ್ಕು ಸ್ವರ. ಉಳಿದ ಅರ್ಧ ಗಂಟೆ ಕೂತು ಕೇಳಿದವರು ಕಡಿಮೆ.

ಹುಡುಕುವಾಗ ‘ಸಿಂಫನಿ ನಂ. 5, ಸಿ ಮೈನರ್, ಓಪಸ್ 67’ ಎಂಬುದರ ಜೊತೆಗೆ ಕಂಡಕ್ಟರ್, ಅಂದರೆ ಆರ್ಕೆಸ್ಟ್ರಾ ನಡೆಸುವವರ, ಹೆಸರನ್ನೂ ಸೇರಿಸಿ. ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ 1974ರಲ್ಲಿ ಮಾಡಿದ ರೆಕಾರ್ಡಿಂಗ್ ಸಿಕ್ಕರೆ ಬೇರೆ ಯೋಚನೆ ಬೇಡ. ನಾಲ್ಕು ಭಾಗ ನಾಲ್ಕು ಟ್ರ್ಯಾಕ್ ಆಗಿ ಬರುತ್ತವೆ. ಆ್ಯಪ್‌ನಲ್ಲಿ ಷಫಲ್ ಆಫ್ ಮಾಡಿ, ಒಂದು ಟ್ರ್ಯಾಕನ್ನು ಇನ್ನೊಂದಕ್ಕೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ನಡುವೆ ಮೌನ ಬೀಳದಂತೆ ನೋಡಿಕೊಳ್ಳುವ ಗ್ಯಾಪ್‌ಲೆಸ್ ಆನ್ ಮಾಡಿ. ಮೂರನೇ ಭಾಗದ ಕೊನೆಯಲ್ಲಿ ಟಿಂಪನಿ ಎಂಬ ನಗಾರಿ ಮೆಲ್ಲಗೆ ಷಡ್ಜವನ್ನೇ ತಟ್ಟುತ್ತ ಕತ್ತಲಲ್ಲಿ ತಡಕಾಡಿದ ಹಾಗೆ ಸಾಗಿ, ಉಸಿರು ಬಿಡದೆ ನಾಲ್ಕನೆಯದಕ್ಕೆ ನುಗ್ಗುತ್ತದೆ. ಮೂರು ಭಾಗ ಸುಮ್ಮನೆ ಕೂತಿದ್ದ ಟ್ರಾಂಬೋನ್, ಪಿಕೊಲೊ, ಕಾಂಟ್ರಾಬಸೂನ್ ಎಂಬ ಊದುವ ವಾದ್ಯಗಳು ಬಾಯಿ ಬಿಡುವುದೂ ಅಲ್ಲೇ. ಆ ಜಾಗದಲ್ಲಿ ಎರಡು ಸೆಕೆಂಡ್ ಮೌನ ಬಿದ್ದರೆ, ಅಥವಾ ಯೂಟ್ಯೂಬ್ ಜಾಹೀರಾತು ತೂರಿಬಂದರೆ, ಅಷ್ಟೂ ಹೊತ್ತು ಕಾದದ್ದು ವ್ಯರ್ಥ.

ಬಸ್ಸಿನಲ್ಲಿ ಕೇಳಬೇಡಿ. ಈ ಸಂಗೀತದಲ್ಲಿ ಪಿಸುಮಾತಿಗೂ ಅಬ್ಬರಕ್ಕೂ ಅಂತರ ದೊಡ್ಡದು. ಬಸ್ಸಿನ ಸದ್ದಲ್ಲಿ ಮೆಲುದನಿ ಮುಳುಗುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ, ಮುಂದಿನ ನಿಮಿಷ ಕಿವಿಗೆ ಹೊಡೆತ. ಮನೆಯಲ್ಲಿ, ನಾಲ್ಕನೇ ಭಾಗದ ಆರಂಭ ಹಾಕಿ ವಾಲ್ಯೂಮ್ ಹೊಂದಿಸಿಕೊಳ್ಳಿ. ಆಮೇಲೆ ಅದನ್ನು ಮುಟ್ಟಬೇಡಿ.

ಇನ್ನು ಕೇಳುವುದು ಹೇಗೆ. ‘ಸಿ’ಯನ್ನು ಷಡ್ಜ ಎಂದಿಟ್ಟುಕೊಳ್ಳಿ. ಮೊದಲ ಹೊಡೆತ ಪ ಪ ಪ ಗಾ, ಸಾಧಾರಣ ಗಾಂಧಾರ. ಎರಡನೆಯದು ಮ ಮ ಮ ರೀ. ಸ್ವರಗಳು ನಟಭೈರವಿಯವು; ನಡುವೆ ಕಾಕಲಿ ನಿಷಾದ ಬಂದು ಕೀರವಾಣಿಯ ನೆರಳೂ ಬೀಳುತ್ತದೆ. ಮುಕ್ಕಾಲು ನಿಮಿಷದ ಹೊತ್ತಿಗೆ ಹಾರ್ನ್ (ಹಿತ್ತಾಳೆಯ ಊದುವ ವಾದ್ಯ) ಕೂಗುತ್ತದೆ, ಹಿಂದೆಯೇ ಒಂದು ಮೃದುವಾದ ರಾಗಭಾವ ಬರುತ್ತದೆ. ಅಲ್ಲಿ ಆಧಾರ ಷಡ್ಜವೇ ಜರುಗಿದೆ: ನಟಭೈರವಿಯ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ ಹುಟ್ಟುತ್ತದಲ್ಲ, ಅದೇ ಗ್ರಹಭೇದ. ಒಂದೂವರೆ ನಿಮಿಷಕ್ಕೆ ಇಷ್ಟೂ ಮತ್ತೊಮ್ಮೆ ಮೊದಲಿಂದ. ಆಮೇಲೆ ಆ ನಾಲ್ಕು ಸ್ವರಗಳನ್ನು ಒಡೆದು ಊರೆಲ್ಲ ಸುತ್ತಿಸುತ್ತಾನೆ. ನಾಲ್ಕು ನಿಮಿಷ ದಾಟಿದ ಮೇಲೆ ಮೊದಲಿನದು ಮರಳಿ ಬಂದು ಆರ್ಕೆಸ್ಟ್ರಾ ತಟಕ್ಕನೆ ನಿಲ್ಲುತ್ತದೆ. ಒಂದು ಓಬೋ, ನಾಗಸ್ವರದ ಹಾಗೆ ಊದುವ ವಾದ್ಯ, ಒಂಟಿಯಾಗಿ, ತಾಳವಿಲ್ಲದೆ, ಆಲಾಪದ ಎಳೆಯೊಂದನ್ನು ನುಡಿಸುತ್ತದೆ. ಬೇಗ ಮುಗಿದುಹೋಗುತ್ತದೆ, ಕಾದು ಕೂತಿರಿ. ಹಾರ್ನ್ ಕೂಗಿದ್ದನ್ನು ಈ ಸಲ ಬಸೂನ್‌ಗಳು ಕೂಗುತ್ತವೆ.

ನಮ್ಮ ಕಿವಿ ಇಲ್ಲಿ ಬೇಸರಪಡಲು ಕಾರಣವೂ ಇದೇ. ಗಮಕ ಹುಡುಕುತ್ತದೆ, ಸಂಗತಿ ಹುಡುಕುತ್ತದೆ, ಸಿಗುವುದಿಲ್ಲ. ಶ್ರುತಿ ಕಚೇರಿ ಮುಗಿಯುವವರೆಗೂ ಕದಲದು ಎಂಬ ನಂಬಿಕೆಯಲ್ಲಿ ಕೂತಿರುತ್ತದೆ, ಇಲ್ಲಿ ಅದೇ ಕದಲುತ್ತಿರುತ್ತದೆ. ಆ ಕದಲಿಕೆಯೇ ಇಲ್ಲಿನ ಕಥೆ. ನಟಭೈರವಿಯಲ್ಲಿ ಹೊರಟ ಕೃತಿ ಕೊನೆಯ ಭಾಗದಲ್ಲಿ ಅದೇ ಷಡ್ಜದ ಶಂಕರಾಭರಣಕ್ಕೆ ಬಂದು ನಿಲ್ಲುತ್ತದೆ. (ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಯಲ್ಲಿ ಕಟ್ಟಿದ ನೊಟ್ಟುಸ್ವರಗಳೆಲ್ಲ ಶಂಕರಾಭರಣದಲ್ಲಿ ಇರುವುದು ಸುಮ್ಮನೆ ಅಲ್ಲ, ಇಂಗ್ಲಿಷ್ ಬ್ಯಾಂಡಿನ ಮೇಜರ್ ಸ್ಕೇಲ್ ಅದೇ.) ಒಂದು ಅಭ್ಯಾಸ ಹೇಳುತ್ತೇನೆ: ಮೂರನೇ ಸಲ ಕೇಳುವಾಗ ಮೇಲಿನ ವಯೊಲಿನ್ ಬಿಟ್ಟು ಕೆಳಗಿನ ಚೆಲ್ಲೊ, ಬೇಸ್‌ಗಳನ್ನು ಮಾತ್ರ ಹಿಂಬಾಲಿಸಿ. ಫೋನಿನ ಸ್ಪೀಕರ್‌ನಲ್ಲಿ ಇದು ಆಗದು, ಅಷ್ಟು ಕೆಳಗಿನ ನಾದ ಅದರಿಂದ ಹೊರಡುವುದೇ ಇಲ್ಲ. ಹೆಡ್‌ಫೋನ್ ಬೇಕು.

ಒಪೆರಾಕ್ಕೆ ಬರೋಣ. ಅದು ಕಿರುಚಾಟವಲ್ಲ, ಮೈಕ್ ಇಲ್ಲದ ದನಿ. ರಂಗದ ಮುಂದಿನ ತಗ್ಗಿನಲ್ಲಿ, ಅಂದರೆ ಪಿಟ್‌ನಲ್ಲಿ, ಅರವತ್ತು ಎಪ್ಪತ್ತು ವಾದ್ಯ. ಅವುಗಳ ನಾದಬಲ ಹೆಚ್ಚಾಗಿರುವುದು ಸುಮಾರು 500 ಹರ್ಟ್ಸ್ ಆಸುಪಾಸಿನಲ್ಲಿ. ಗಾಯಕರು, ಅದರಲ್ಲೂ ಗಂಡಸರು, ಗಂಟಲಿನ ಆಕಾರ ಬದಲಿಸಿ 3000 ಹರ್ಟ್ಸ್ ಹತ್ತಿರ ದನಿಗೆ ಒಂದು ಮೊನೆ ಕೊಡುತ್ತಾರೆ. ಆ ಎತ್ತರದಲ್ಲಿ ವಾದ್ಯಗಳು ಅಷ್ಟು ಜೋರಿಲ್ಲ, ಹಾಗಾಗಿ ಒಬ್ಬರ ದನಿ ಎಲ್ಲವನ್ನೂ ಸೀಳಿ ಗ್ಯಾಲರಿ ಮುಟ್ಟುತ್ತದೆ. ಮೈಕ್ ಬರುವ ಮುಂಚೆ ನಮ್ಮ ಕಂಪನಿ ನಾಟಕದವರಿಗೂ ಇದೇ ಕಷ್ಟವಿತ್ತು. ಅದೇ ಮೊನೆ ಅಗ್ಗದ ಇಯರ್‌ಫೋನ್‌ನಲ್ಲಿ ಕಿವಿ ಚುಚ್ಚುತ್ತದೆ.

ಆಯ್ದ ಹಾಡುಗಳ ಸಿಡಿಯಿಂದ ಶುರು ಮಾಡಬೇಡಿ. ಒಪೆರಾ ನಾಟಕ, ಕಣ್ಣಿಂದ ನೋಡಬೇಕು, ಮಾತು ತಿಳಿಯಬೇಕು. ಮೊದಲನೆಯದಕ್ಕೆ ಪುಚ್ಚೀನಿಯ ‘ಲಾ ಬೊಹೆಮ್’. 1896ರಲ್ಲಿ ಟ್ಯೂರಿನ್‌ನಲ್ಲಿ ತೊಸ್ಕನೀನಿ ನಡೆಸಿಕೊಟ್ಟ ಪ್ರಥಮ ಪ್ರದರ್ಶನ. ನಾಲ್ಕು ಅಂಕ, ಎಲ್ಲ ಸೇರಿ ಎರಡು ಗಂಟೆಗಿಂತ ಕಡಿಮೆ. ಕಥಾಸಾರವನ್ನು ಪೂರ್ತಿ ಓದಿಕೊಂಡೇ ಕೂರಿ, ಕೊನೆಯೂ ಸೇರಿ. ಯಕ್ಷಗಾನಕ್ಕೆ ಹೋಗುವವರು ಅಭಿಮನ್ಯು ಉಳಿಯುತ್ತಾನೋ ಎಂದು ನೋಡಲು ಹೋಗುವುದಿಲ್ಲವಲ್ಲ. ಇಂಗ್ಲಿಷ್ ಸಬ್‌ಟೈಟಲ್ ಇರುವ ವಿಡಿಯೊವನ್ನೇ ಆರಿಸಿ. ‘ಒಪೆರಾವಿಷನ್’ ಜಾಲತಾಣದಲ್ಲಿ ಯುರೋಪಿನ ರಂಗಮಂದಿರಗಳ ಪ್ರದರ್ಶನಗಳು ಉಚಿತವಾಗಿ ಸಿಗುತ್ತವೆ. ದಿನಕ್ಕೆ ಒಂದು ಅಂಕ ಸಾಕು.

ಮೊದಲ ಅಂಕದ ಉತ್ತರಾರ್ಧ ಗಮನಿಸಿ. ಬಡ ಕವಿ ರೊಡಾಲ್ಫೊನ ಮನೆಗೆ ಬಂದ ನೆರೆಯ ಹುಡುಗಿ ಮಿಮಿಯ ಮೇಣದಬತ್ತಿ ಆರಿದೆ, ಬೀಗದ ಕೈ ಕತ್ತಲಲ್ಲಿ ಬಿದ್ದಿದೆ. ರೊಡಾಲ್ಫೊಗೆ ಅದು ಸಿಗುತ್ತದೆ. ಹೇಳದೆ ಜೇಬಿಗೆ ಹಾಕಿಕೊಂಡು ಹುಡುಕುವವನಂತೆ ತಡಕಾಡಿ ಅವಳ ಕೈ ಹಿಡಿಯುತ್ತಾನೆ. ‘ಎಷ್ಟು ತಣ್ಣಗಿದೆ ಈ ಪುಟ್ಟ ಕೈ’ ಎಂದು ಹಾಡು ಶುರುವಾಗುತ್ತದೆ, ಹೆಚ್ಚುಕಡಿಮೆ ಒಂದೇ ಸ್ವರದ ಮೇಲೆ, ಮಾತಾಡಿದ ಹಾಗೆ. ನಾಲ್ಕನೇ ಅಂಕದಲ್ಲಿ, ಸಾಯುವ ಹೊತ್ತಿನಲ್ಲಿ, ಮಿಮಿ ಆ ಸಾಲನ್ನೇ ನೆನೆಯುತ್ತಾಳೆ. ಕೀಲಿ ನಿನಗೆ ಬೇಗನೇ ಸಿಕ್ಕಿತ್ತಲ್ಲವೇ ಎಂದೂ ಅನ್ನುತ್ತಾಳೆ. ಸಬ್‌ಟೈಟಲ್ ಇಲ್ಲದೆ ನೋಡಿದವರಿಗೆ ಈ ಕೀಲಿಯ ವಿಷಯ ಗೊತ್ತೇ ಆಗುವುದಿಲ್ಲ. ಧ್ವನಿ ಮಾತ್ರ ಬೇಕಾದರೆ ಕಾರಯಾನ್ ನಡೆಸಿದ, ಫ್ರೇನಿ ಮತ್ತು ಪಾವರೊಟ್ಟಿ ಹಾಡಿದ 1972ರ ರೆಕಾರ್ಡಿಂಗ್.

ಮುಂದಿನದು ಬಿಜೆಯ ‘ಕಾರ್ಮೆನ್’. ವಾಗ್ನರ್‌ನ ‘ರಿಂಗ್’ ಸದ್ಯಕ್ಕೆ ಬೇಡ, ನಾಲ್ಕು ರಾತ್ರಿ ಸೇರಿ ಹದಿನೈದು ಗಂಟೆ. ಬರೀ ದನಿ ಮತ್ತು ಆರ್ಕೆಸ್ಟ್ರಾ ಬೇಕೆನ್ನಿಸಿದಾಗ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಕೇಳಿ. ಅದರ ಪ್ರಥಮ ಪ್ರದರ್ಶನ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ಹಾಡಿದ್ದು ಗಾಯಕಿ ಫ್ಲಾಗ್‌ಸ್ಟಾಡ್, ನಡೆಸಿದ್ದು ಕಂಡಕ್ಟರ್ ಫುರ್ಟ್‌ವೆಂಗ್ಲರ್, ಹಣದ ಭರವಸೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್.

ಎದುರಿಗೇ ಕೂತು ಕೇಳಬೇಕೆಂದರೆ ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಸಿಂಫನಿಯ ಭಾಗಗಳ ನಡುವೆ ಚಪ್ಪಾಳೆ ತಟ್ಟುವುದಿಲ್ಲ, ಒಪೆರಾದಲ್ಲಿ ಒಳ್ಳೆಯ ಹಾಡು ಮುಗಿದಾಗ ತಟ್ಟುತ್ತಾರೆ. ಗೊಂದಲವಾದರೆ ಕಂಡಕ್ಟರ್ ಕೈ ಇಳಿಸಿ ನಿಮ್ಮ ಕಡೆ ತಿರುಗುವವರೆಗೆ ಕಾಯಿರಿ.