ಎಕರೆಗೊಂದೇ ದರ ನ್ಯಾಯವೇ? ನೀರಿನ ಕರದ ಕುರಿತ ಪ್ರಶ್ನೆಗಳಿಗೆ ಉತ್ತರ

ನೀರಾವರಿಯ ವೆಚ್ಚ ಮತ್ತು ಕರದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಊರಿನ ಹೆಸರನ್ನಷ್ಟೇ ಬದಲಿಸಿ ಒಂದೇ ಪ್ರಶ್ನೆಯನ್ನು ಕೇಳುತ್ತವೆ. ಅದಕ್ಕೆ ಚುಟುಕಾಗಿ ಉತ್ತರಿಸಿದಷ್ಟೂ ಪತ್ರಗಳು ಹೆಚ್ಚುತ್ತಿರುವುದರಿಂದ ಈ ಸಲ ಜಾಗವನ್ನೆಲ್ಲ ಬಹುಮಟ್ಟಿಗೆ ಅದಕ್ಕೇ ಮೀಸಲಿಟ್ಟಿದ್ದೇನೆ. ಅಚ್ಚುಕಟ್ಟು ಎಂದರೇನು, ವಿತರಣಾ ಕಾಲುವೆ ಎಂದರೇನು ಎಂಬುದನ್ನು ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಇಷ್ಟು ಸಾಕು: ಕಾಲುವೆಯ ನೀರು ಸಿಗಬೇಕಾದ ಜಮೀನೆಲ್ಲ ಅಚ್ಚುಕಟ್ಟು, ದೊಡ್ಡ ಕಾಲುವೆಯಿಂದ ಹೊಲಗಳ ಕಡೆಗೆ ನೀರು ಒಯ್ಯುವ ಕವಲು ವಿತರಣಾ ಕಾಲುವೆ.

ಪ್ರಶ್ನೆ (ಮುಧೋಳ ತಾಲ್ಲೂಕಿನ ಕಬ್ಬು ಬೆಳೆಗಾರರೊಬ್ಬರಿಂದ): ಬೆಳೆಗೊಂದು ದರ, ಹಂಗಾಮಿಗೊಂದು ದರ ಎಂಬ ಗೊಂದಲವನ್ನು ಬಿಟ್ಟು, ಅಚ್ಚುಕಟ್ಟಿನ ಪ್ರತಿ ಎಕರೆಗೂ ಒಂದೇ ನೀರಿನ ಕರ ಹಾಕುವುದಕ್ಕಿಂತ ನ್ಯಾಯವಾದ ವ್ಯವಸ್ಥೆ ಯಾವುದಿದೆ?

ಇದೆ. ಎಕರೆಗೊಂದೇ ದರವು ಲೆಕ್ಕ ಬರೆಯುವವರಿಗೆ ಸುಲಭ, ಕಬ್ಬು ಬೆಳೆಯುವವರಿಗೆ ಲಾಭ. ಈ ಎರಡೂ ಸೇರಿದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ. ಕಬ್ಬಿಗೆ ಒಂದು ಬೆಳೆಯ ಅವಧಿಯಲ್ಲಿ 1,500ರಿಂದ 2,500 ಮಿಲಿಮೀಟರ್ ನೀರು ಬೇಕು, ಜೋಳಕ್ಕೆ 450ರಿಂದ 650 ಸಾಕು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಬೇಕಾದರೆ ಸುಮಾರು 4,000 ಲೀಟರ್ ಬೇಕು ಎಂಬುದನ್ನು ನೆನಪಿಟ್ಟುಕೊಂಡರೆ, ಎರಡು ಬೆಳೆಗಳ ನಡುವಿನ ಅಂತರ ಎಷ್ಟೆಂಬುದು ತಾನಾಗಿ ಗೊತ್ತಾಗುತ್ತದೆ.

ಊಹೆಯ ಲೆಕ್ಕವೊಂದನ್ನು ನೋಡೋಣ. ಸಾವಿರ ಎಕರೆಯ ಒಂದು ವಿತರಣಾ ಕಾಲುವೆಗೆ ವರ್ಷಕ್ಕೆ 10 ಲಕ್ಷ ರೂಪಾಯಿ ಖರ್ಚಿದೆ, 200 ಎಕರೆ ಕಬ್ಬು, 800 ಎಕರೆ ಜೋಳ ಇದೆ, ಕಬ್ಬಿಗೆ ಜೋಳದ ನಾಲ್ಕು ಪಟ್ಟು ನೀರು ಹೋಗುತ್ತದೆ ಎಂದುಕೊಳ್ಳಿ. ಒಂದೇ ದರವಾದರೆ ಎಲ್ಲರಿಗೂ ಎಕರೆಗೆ 1,000 ರೂಪಾಯಿ. ಅದರ ಬದಲು ನೀರು ಬಿಟ್ಟರೂ ಬಿಡದಿದ್ದರೂ ಆಗುವ 4 ಲಕ್ಷದ ಖರ್ಚನ್ನು ಎಕರೆವಾರು ಹಂಚಿ, ಉಳಿದ 6 ಲಕ್ಷವನ್ನು ಬಳಸಿದ ನೀರಿನ ಪ್ರಮಾಣಕ್ಕೆ ಹಂಚಿದರೆ ಜೋಳದ ಎಕರೆಗೆ 775 ರೂಪಾಯಿ, ಕಬ್ಬಿನ ಎಕರೆಗೆ 1,900 ರೂಪಾಯಿ ಬರುತ್ತದೆ. ಅಂದರೆ ತಾವು ನ್ಯಾಯವೆಂದು ಕರೆಯುವ ವ್ಯವಸ್ಥೆಯಲ್ಲಿ ಜೋಳದ ರೈತರು ಸೇರಿ ಕಬ್ಬಿನ ರೈತರ ಪರವಾಗಿ ಪ್ರತಿ ವರ್ಷ 1 ಲಕ್ಷ 80 ಸಾವಿರ ರೂಪಾಯಿ ಕಟ್ಟುತ್ತಿರುತ್ತಾರೆ. ಬೆಳೆಯ ಬೇಡಿಕೆಯಲ್ಲಿ ಮಳೆಯ ಪಾಲನ್ನು ಕಳೆದು ಕಾಲುವೆಯ ನೀರನ್ನಷ್ಟೇ ಲೆಕ್ಕ ಹಾಕಿದರೆ ಅಂತರ ಇನ್ನೂ ಹಿಗ್ಗುತ್ತದೆ.

ತಾವು ಗೊಂದಲವೆಂದ ಬೆಳೆವಾರು ದರವು ಅಷ್ಟು ಮೂರ್ಖತನದ್ದಲ್ಲ. 2000ನೇ ಇಸವಿಯ ಪರಿಷ್ಕರಣೆಯಲ್ಲಿ ಕಬ್ಬಿಗೆ ಎಕರೆಗೆ 400 ರೂಪಾಯಿ, ಭತ್ತಕ್ಕೆ 100 ರೂಪಾಯಿ ಎಂದು ನಿಗದಿಯಾಗಿತ್ತು. ನೀರನ್ನು ಅಳೆಯಲು ಆಗದ ಕಡೆ ಬೆಳೆಯನ್ನು ನೋಡಿ ನೀರನ್ನು ಅಂದಾಜು ಮಾಡುವ ಕ್ರಮ ಅದು. ಅದರ ದೋಷ ಬೇರೆ ಕಡೆ ಇದೆ. ಹನಿ ನೀರಾವರಿ ಮಾಡಿದವನಿಗೂ, ರಾತ್ರಿಯೆಲ್ಲ ತೂಬು ತೆರೆದಿಟ್ಟು ಹೊಲ ತುಂಬಿಸಿದವನಿಗೂ ಅದು ಒಂದೇ ಬಿಲ್ ಕೊಡುತ್ತದೆ, ಮತ್ತು ದಾಖಲೆಯಲ್ಲಿ ಜೋಳವೆಂದು ಬರೆಸಿ ಹೊಲದಲ್ಲಿ ಕಬ್ಬು ನಿಲ್ಲಿಸುವ ಜಾಣರನ್ನು ಹಿಡಿಯಲು ಅದರ ಕೈಯಲ್ಲಿ ಏನೂ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ವೆಚ್ಚವನ್ನು ಬಾಬ್ತುವಾರು ಬಿಡಿಸಬೇಕು. ಗೇಟು, ಹೂಳು ತೆಗೆಯುವುದು, ಬಸಿಗಾಲುವೆ (ಹೊಲದ ಹೆಚ್ಚುವರಿ ನೀರನ್ನು ಹೊರಹಾಕುವ ಕಾಲುವೆ), ಸರದಿಯಂತೆ ನೀರು ಬಿಡುವ ನೀರಗಂಟಿಯ ಸಂಬಳ, ಇವು ಸ್ಥಿರ ವೆಚ್ಚ. ಇದನ್ನು ಎಕರೆವಾರು ಹಂಚುವುದು ಸರಿ, ತಮ್ಮ ಸೂತ್ರಕ್ಕೆ ಇಲ್ಲಿ ಮಾತ್ರ ಜಾಗವಿದೆ. ಬಸಿಗಾಲುವೆಯನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅಗ್ಗದ ನೀರು ಅತಿಯಾಗಿ ಹರಿದು ಘಟಪ್ರಭಾ, ಕೃಷ್ಣಾ ದಂಡೆಯ ಎಷ್ಟೋ ಒಳ್ಳೆಯ ಎರೆಭೂಮಿ ಉಪ್ಪು ಹಿಡಿದು, ನೀರು ನಿಂತು ಸವಳು-ಜವಳಾಗಿರುವುದನ್ನು ತಾವೇ ನಿತ್ಯ ನೋಡುತ್ತಿದ್ದೀರಿ. ಎರಡನೆಯದು ನೀರಿನ ಪ್ರಮಾಣಕ್ಕೆ ತಕ್ಕ ವೆಚ್ಚ. ಅದನ್ನು ಹೊಲಹೊಲಕ್ಕೆ ಅಳೆಯುವ ಆಸೆ ಬೇಡ. ವಿತರಣಾ ಕಾಲುವೆಯ ಬಾಯಲ್ಲಿ ಅಳೆದು, ನೀರು ಬಳಕೆದಾರರ ಸಹಕಾರ ಸಂಘಕ್ಕೆ ಸಗಟು ಬಿಲ್ ಕೊಟ್ಟು, ಒಳಗಿನ ಹಂಚಿಕೆಯನ್ನು ಸರದಿಯ ತಾಸುಗಳ ಮೇಲೆ ಸಂಘವೇ ಮಾಡಿಕೊಳ್ಳುವಂತೆ ಬಿಡಬೇಕು. ಯಾರ ತೂಬು ಎಷ್ಟು ಹೊತ್ತು ತೆರೆದಿತ್ತು ಎಂಬುದು ಅಧಿಕಾರಿಗಿಂತ ಪಕ್ಕದ ಹೊಲದವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೂರನೆಯ ಬಾಬ್ತನ್ನು ನಮ್ಮ ಭಾಗದಲ್ಲಿ ಯಾರೂ ಮಾತನಾಡುವುದಿಲ್ಲ: ಪ್ರವಾಹ ತಡೆ ಮತ್ತು ಮಾಲಿನ್ಯ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಲಪ್ರಭಾ ಉಕ್ಕಿದಾಗ ಮುಳುಗಿದ್ದು ಬೆಳೆ ಮಾತ್ರವಲ್ಲ, ಗೋಕಾಕದಂಥ ಊರಿನ ಮನೆ, ಅಂಗಡಿಗಳೂ ಮುಳುಗಿದವು. ದಂಡೆ ಕಟ್ಟುವ ಖರ್ಚನ್ನು ರೈತನ ನೀರಿನ ಕರದಿಂದ ತೆಗೆಯುವುದು ಯಾವ ನ್ಯಾಯ? ನೆದರ್‌ಲ್ಯಾಂಡ್ಸ್‌ನಲ್ಲಿ ಇಂದು 21 ಪ್ರಾದೇಶಿಕ ಜಲಮಂಡಳಿಗಳಿದ್ದು, ತಮ್ಮ ವ್ಯಾಪ್ತಿಯ ಕರವನ್ನು ತಾವೇ ವಿಧಿಸುತ್ತವೆ. ದಂಡೆ ಮತ್ತು ಕಾಲುವೆಗಳ ವೆಚ್ಚವನ್ನು ನಿವಾಸಿಗಳು, ಕಟ್ಟಡದ ಒಡೆಯರು, ಕೃಷಿಭೂಮಿಯ ಒಡೆಯರು, ಅರಣ್ಯದಂಥ ನಿಸರ್ಗಭೂಮಿಯ ಒಡೆಯರು ಎಂದು ವರ್ಗ ಮಾಡಿ ಹಂಚುತ್ತಾರೆ. ಕಟ್ಟಡಕ್ಕೆ ಅದರ ಬೆಲೆಯ ಮೇಲೆ, ಜಮೀನಿಗೆ ವಿಸ್ತೀರ್ಣದ ಮೇಲೆ ಕರ ಬೀಳುತ್ತದೆ. ಕೊಳಚೆ ಶುದ್ಧೀಕರಣಕ್ಕೆ ಪ್ರತ್ಯೇಕ ಕರವಿದ್ದು, ಒಬ್ಬರೇ ವಾಸಿಸುವ ಮನೆಯನ್ನು 1 ಮಾಲಿನ್ಯ ಘಟಕ (ಕೊಳಚೆಯನ್ನು ಲೆಕ್ಕ ಹಾಕುವ ಅಳತೆ) ಎಂದೂ, ಅದಕ್ಕಿಂತ ಹೆಚ್ಚು ಜನರಿರುವ ಮನೆಯನ್ನು 3 ಘಟಕವೆಂದೂ ಲೆಕ್ಕ ಹಿಡಿಯುತ್ತಾರೆ. ಅವರ ಮುಖ್ಯ ಚಿಂತೆ ನೀರನ್ನು ಹೊರಹಾಕುವುದು, ನಮ್ಮದು ನೀರನ್ನು ತರುವುದು. ಆದ್ದರಿಂದ ಅಲ್ಲಿನ ದರಪಟ್ಟಿ ನಮಗೆ ಉಪಯೋಗವಿಲ್ಲ. ಆದರೆ ಪ್ರಯೋಜನ ಪಡೆದವರು ಕಟ್ಟಬೇಕು, ಕಟ್ಟಿದವರಿಗೆ ಮಂಡಳಿಯ ಆಡಳಿತದಲ್ಲಿ ಮಾತಿರಬೇಕು ಎಂಬ ಅವರ ಕ್ರಮ ಮಾತ್ರ ನಮಗೆ ಬೇಕಾದದ್ದೇ.

ವಿಜಯಪುರ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಮುಳವಾಡ, ಚಿಮ್ಮಲಗಿ, ತುಬಚಿ-ಬಬಲೇಶ್ವರದಂಥ ಏತ ನೀರಾವರಿ ಯೋಜನೆಗಳಲ್ಲಿ ನೀರಿಗಿಂತ ವಿದ್ಯುತ್ತಿನ ಚಿಂತೆಯೇ ದೊಡ್ಡದು. ಒಂದು ಎಕರೆಗೆ 500 ಮಿಲಿಮೀಟರ್ ನೀರನ್ನು 100 ಮೀಟರ್ ಎತ್ತರಕ್ಕೆ ಎತ್ತಲು, ಪಂಪಿನ ದಕ್ಷತೆ ಶೇ 70 ಎಂದು ಹಿಡಿದರೂ, ಸುಮಾರು 800 ಯೂನಿಟ್ ಬೇಕಾಗುತ್ತದೆ. 2,000 ಮಿಲಿಮೀಟರ್‌ಗೆ 3,000 ಯೂನಿಟ್ ದಾಟುತ್ತದೆ. ಎತ್ತರದಲ್ಲಿ ಹುಟ್ಟಿದ್ದೇ ತಪ್ಪು ಎಂಬಂತೆ ಇದನ್ನೆಲ್ಲ ಅಲ್ಲಿನ ರೈತನ ಮೇಲೆ ಹೇರಲಾಗದು, ಎತ್ತಿದ ನೀರಿನಲ್ಲಿ ಕಬ್ಬು ಬೆಳೆಯುವುದಕ್ಕೆ ಉಳಿದವರು ದುಡ್ಡು ಕೊಡಬೇಕೆಂದೂ ಹೇಳಲಾಗದು. ಒಂದು ಸಾಧಾರಣ ಹಂಗಾಮು ಬೆಳೆಗೆ ಸಾಕಾಗುವಷ್ಟು ನೀರಿನ ವಿದ್ಯುತ್ ವೆಚ್ಚವನ್ನು ಇಡೀ ಯೋಜನೆಯ ಎಲ್ಲ ಫಲಾನುಭವಿಗಳಿಗೆ ಹಂಚಿ, ಅದಕ್ಕಿಂತ ಮೇಲಿನ ಪ್ರತಿ ತಾಸಿಗೂ ನಿಜವಾದ ಖರ್ಚನ್ನು ವಸೂಲಿ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ. ಅವರಲ್ಲಿ ಬಹಳ ಜನ ಕಾಲುವೆಯ ಕೆಳಗಿನ ಜಮೀನಿನವರು ಎಂಬುದನ್ನೂ ಹೇಳಿಬಿಡುತ್ತೇನೆ.

ಇಷ್ಟೆಲ್ಲ ಹೇಳಿಯೂ ನಾಳೆಯೇ ಹೊಸ ಕರ ಹಾಕಿ ಎಂದು ನಾನು ಯಾವ ಸರ್ಕಾರಕ್ಕೂ ಸಲಹೆ ಕೊಡಲಾರೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕಾಲುವೆಗಳು ಸರಿಯಾಗುವ ಮೊದಲೇ ನೀರಿನ ಕರದೊಂದಿಗೆ ಅಭಿವೃದ್ಧಿ ಕರವನ್ನೂ (ನೀರಾವರಿಯಿಂದ ಜಮೀನಿನ ಬೆಲೆ ಏರುತ್ತದೆಂದು ಹಾಕುವ ಕರ) ವಸೂಲಿ ಮಾಡಹೊರಟ ಕಾರಣದಿಂದ ಎದ್ದ ರೈತ ಬಂಡಾಯ, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಿನವರೆಗೆ ಹೋಯಿತು. ಅಚ್ಚುಕಟ್ಟಿನ ನಕಾಶೆಯಲ್ಲಿ ಹೊಲವಿದೆಯೆಂದು ಕರ ಹಾಕಿದರೆ ಕೊನೆಯಂಚಿನ ರೈತ ಅದನ್ನು ದಂಡವೆಂದೇ ತಿಳಿಯುತ್ತಾನೆ, ಮತ್ತು ಅವನ ತಿಳಿವಳಿಕೆ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಮೊದಲ ಎರಡು ಮೂರು ಹಂಗಾಮು ಅಳತೆ ಮಾತ್ರ ನಡೆಯಲಿ, ಅದರ ಅಂಕಿ-ಅಂಶ ಪಂಚಾಯಿತಿಯ ಫಲಕದಲ್ಲಿ ಬರಲಿ. ಆಮೇಲೆ ದರ ನಿಗದಿಯಾಗಲಿ. ಸಂಗ್ರಹವಾದ ಹಣದ ದೊಡ್ಡ ಪಾಲು ಅದೇ ವಿತರಣಾ ಕಾಲುವೆಗೆ ಉಳಿಯಲಿ. ನೀರು ತಲುಪದ ಹಂಗಾಮಿನಲ್ಲಿ ಸ್ಥಿರ ಕರವೂ ಸೇರಿ ಇಡೀ ಬಿಲ್ ರದ್ದಾಗಲಿ. ಈ ಕೊನೆಯ ಷರತ್ತಿಲ್ಲದ ಯಾವ ಕರಪದ್ಧತಿಯನ್ನೂ ನಾನು ಬೆಂಬಲಿಸುವುದಿಲ್ಲ.

ಪ್ರಶ್ನೆ (ಅಥಣಿಯಿಂದ): ನೀರು ದೇವರು ಕೊಟ್ಟದ್ದು, ಅದಕ್ಕೆ ಕರವೇಕೆ?

ಮಳೆಗೆ ಯಾರೂ ಕರ ಕೇಳಿಲ್ಲ. ಗೇಟಿಗೆ, ಮೋಟಾರಿಗೆ, ಹೂಳೆತ್ತುವುದಕ್ಕೆ ಕೇಳುತ್ತಿದ್ದಾರೆ.

ಪ್ರಶ್ನೆ (ಜಮಖಂಡಿಯಿಂದ): ನನ್ನದು ಸ್ವಂತ ಕೊಳವೆಬಾವಿ, ನನ್ನನ್ನೇಕೆ ಇದರಲ್ಲಿ ಎಳೆಯುತ್ತೀರಿ?

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಕರೆಂಟಿಗೆ ಸರ್ಕಾರವೇ ಹಣ ಕೊಡುತ್ತಿದೆ, ಅಚ್ಚುಕಟ್ಟಿನ ಬಾವಿಗೆ ಕಾಲುವೆಯ ಜಿನುಗುನೀರು ಬಂದು ಸೇರುತ್ತಿದೆ. ಸ್ವಂತದ್ದು ಪೈಪ್ ಮಾತ್ರ.

ಪ್ರಶ್ನೆ (ರಾಯಬಾಗದಿಂದ): ಪ್ರತಿ ಹೊಲಕ್ಕೆ ಕಾರ್ಡ್ ಹಾಕುವ ಮೀಟರ್ ಕೂಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಸವಳು ಭೂಮಿಯನ್ನು ಪುಡಿ ಹಾಕಿ ಸರಿಮಾಡುವುದಾಗಿಯೂ ಅವರೇ ಹೇಳುತ್ತಾರೆ.

ಎರಡನ್ನೂ ಮಾರುವವರು ಒಬ್ಬರೇ ಆಗಿರುವುದರಲ್ಲಿ ನನಗೆ ಆಶ್ಚರ್ಯವಿಲ್ಲ. ಹೂಳುನೀರಿನಲ್ಲಿ ಆ ಮೀಟರ್ ಹೆಚ್ಚು ದಿನ ಬಾಳುವುದಿಲ್ಲ. ಬಸಿಗಾಲುವೆ ಇಲ್ಲದೆ ಯಾವ ಪುಡಿಯೂ ಉಪ್ಪನ್ನು ಹೊಲದಿಂದ ಹೊರಗೆ ಕಳಿಸುವುದಿಲ್ಲ. ಆ ದುಡ್ಡನ್ನು ಮಣ್ಣು ಪರೀಕ್ಷೆಗೆ ಮತ್ತು ಬಸಿಗಾಲುವೆಗೆ ಹಾಕಿ.

ಪ್ರಶ್ನೆ (ಇಂಡಿಯಿಂದ): ನೀರೇ ಬಾರದ ಹಂಗಾಮಿಗೆ ಬಿಲ್ ಬಂದಿದೆ. ಮನ್ನಾ ಮಾಡಿಸಿಕೊಡುವುದಾಗಿ ಹೇಳಿ ಒಬ್ಬ ಏಜೆಂಟ್ ಮುಂಗಡ ಕೇಳುತ್ತಿದ್ದಾನೆ. ಏನು ಮಾಡಲಿ?

ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಬಿಲ್ಲನ್ನು ಮೂಲೆಗೂ ಎಸೆಯಬೇಡಿ; ನೀರಿನ ಕರದ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ನೀರಾವರಿ ಉಪವಿಭಾಗದ ಕಚೇರಿಗೆ ಲಿಖಿತ ತಕರಾರು ಕೊಟ್ಟು, ನೀರು ಬಳಕೆದಾರರ ಸಂಘದ ಠರಾವು (ನಿರ್ಣಯ) ಮತ್ತು ಉತಾರದ (ಪಹಣಿಯ) ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಿ. ಆ ಹಂಗಾಮಿನಲ್ಲಿ ನಿಮ್ಮ ವಿತರಣಾ ಕಾಲುವೆಗೆ ನೀರು ಬಿಟ್ಟ ದಿನಗಳ ದಾಖಲೆಯನ್ನು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಕೇಳಿ. ದಾಖಲೆ ಬಂದ ಮೇಲೆ ಅದನ್ನೂ ತಕರಾರಿನ ಜೊತೆಗೆ ಸೇರಿಸಿ ಕೊಡಿ.