ಎದುರುಬದುರು ಕೂರಿಸಿ ರಾಜಿ ಮಾಡಿಸುವುದು ಬೇಡ

ಮಗನನ್ನು ದಿನವೂ ಗೋಳು ಹೊಯ್ದುಕೊಳ್ಳುವ ಹುಡುಗನ ಎದುರೇ ಅವನನ್ನು ಕೂರಿಸಿ ರಾಜಿ ಮಾಡಿಸ್ತೇವೆ ಅಂತ ಶಾಲೆಯವರು ಹೇಳಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಒಪ್ಪಬೇಡಿ. ರಾಜಿ ಸಮಬಲದವರ ಜಗಳಕ್ಕೆ ಸರಿ. ಇಲ್ಲಿ ಒಬ್ಬನ ಕೈ ಮೇಲಾಗಿದೆ, ಇನ್ನೊಬ್ಬ ಹೆದರಿದ್ದಾನೆ. ಎದುರಿಗೆ ಕೂತರೆ ನಿಮ್ಮ ಮಗ ಭಯಕ್ಕೆ ಎಲ್ಲದಕ್ಕೂ ತಲೆಯಾಡಿಸಬಹುದು. ಹೊರಗೆ ಬಂದ ಮೇಲೆ ಕಾಟ ಇನ್ನೂ ಜಾಸ್ತಿ ಆಗಬಹುದು.

ಇಬ್ಬರ ಜೊತೆಗೂ ಬೇರೆಬೇರೆಯಾಗಿ ಮಾತಾಡಿ ಅಂತ ಕೇಳಿ. ಏನಾಯಿತು, ಎಲ್ಲಿ, ಯಾವಾಗ, ಯಾರು ನೋಡುತ್ತಿದ್ದರು ಅಂತ ಬರೆದು ಕೊಡಿ. ಸುಮ್ನೆ ನೋಡುತ್ತಾ ನಿಲ್ಲುವ ಮಕ್ಕಳು ತುಂಬಾ ಮುಖ್ಯ. ಫಿನ್ಲೆಂಡ್‌ನ ಶಾಲೆಗಳಲ್ಲಿ ಇಂಥ ಕಾಟ ತಡೆಯಲೆಂದೇ ಇರುವ ಕಿವಾ ಕಾರ್ಯಕ್ರಮ ಅವರ ಮೇಲೇ ಹೆಚ್ಚು ಗಮನ ಕೊಡುತ್ತದೆ. ನಗುವವರೇ ಇಲ್ಲದಿದ್ದರೆ ಕಾಡಿಸುವವನ ಹುರುಪು ಇಳಿಯುತ್ತದೆ, ಅಲ್ವಾ?

‘ನೀನೂ ತಿರುಗಿಸಿ ಹೊಡಿ’ ಅಂತ ಮಾತ್ರ ಮಗನಿಗೆ ಹೇಳಬೇಡಿ. ಮುಂದಿನ ಭೇಟಿಯ ದಿನವನ್ನೂ ಈಗಲೇ ಶಾಲೆಯವರಿಂದ ಗೊತ್ತು ಮಾಡಿಸಿಕೊಳ್ಳಿ.