ದಿಂಬಿನ ಮೇಲಿನ ಕಂದು ಕಲೆ

"ಹಸಿವಾದ್ರೆ ತಾನೇ ತಿಂತಾನೆ, ಎರಡು ದಿನ ಬಿಟ್ಟು ನೋಡಿ." ಆಟಿಸಂ ಇರುವ ಮಗುವಿನ ಮನೆಗೆ ಬಂದ ನೆಂಟರು ಈ ಮಾತು ಹೇಳದೆ ಎದ್ದು ಹೋಗುವುದಿಲ್ಲ. ಹಾಗೆ ಬಿಟ್ಟು ನೋಡಿ ಸೋತವರು ನನ್ನೆದುರು ಬಂದು ಕೂರುತ್ತಲೇ ಇರುತ್ತಾರೆ. ಅದಕ್ಕೇ ಈ ಹುಡುಗನ ವಿಷಯ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವನಿಗೆ 7 ವರ್ಷ. ಮೊಸರನ್ನ, ಹಾಲು, ಒಂದೇ ಕಂಪನಿಯ ಗ್ಲುಕೋಸ್ ಬಿಸ್ಕತ್ತು, ಇಷ್ಟೇ ಊಟ. ಮೊಸರನ್ನದಲ್ಲಿ ಒಂದು ಸಾಸಿವೆ ಕಂಡರೂ ತಟ್ಟೆ ದೂಡುತ್ತಿದ್ದ. ಕೆನ್ನೆ ದುಂಡಗಿತ್ತು, ತೂಕವೂ ಸರಿಯಿತ್ತು. ಕರೆತಂದದ್ದು ಊಟದ ವಿಷಯಕ್ಕಲ್ಲ, 'ಹಠ'ದ ವಿಷಯಕ್ಕೆ. ಒಂದೂವರೆ ತಿಂಗಳಿಂದ ನಡೆಯುತ್ತಿಲ್ಲ, ಎತ್ತಿಕೊಳ್ಳಲು ಹೋದರೆ ಕಿರುಚುತ್ತಾನೆ. ಮೂಳೆ ಮುರಿದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾನೂ ಮೊದಲೆರಡು ಭೇಟಿಯಲ್ಲಿ ಶಾಲೆ ಬದಲಾದದ್ದು, ತಂಗಿ ಹುಟ್ಟಿದ್ದು ಎಂದು ಅದನ್ನೇ ಕೆದಕುತ್ತ ಕೂತಿದ್ದೆ. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಮೂರನೇ ಸಲ ಅಜ್ಜಿಯೂ ಬಂದಿದ್ದರು. ಹುಡುಗ ಚಾಪೆಯ ಮೇಲೆ ಕಪ್ಪೆಯ ಹಾಗೆ ಕಾಲು ಮಡಿಚಿ ಮಲಗಿದ್ದ. ಸೊಸೆಯ ಮಾತು ಮುಗಿಯುವುದನ್ನೇ ಕಾದಿದ್ದವರಂತೆ ಅಜ್ಜಿ, "ಇನ್ನೊಂದು ಹೇಳ್ಲಾ ಮೇಡಂ? ಈಗೀಗ ಹಲ್ಲುಜ್ಜೋಕೂ ಬಿಡಲ್ಲ. ಬೆಳಗ್ಗೆ ದಿಂಬಿನ ಬಟ್ಟೆ ಮೇಲೆ ಕಂದು ಕಲೆ ಇರತ್ತೆ. ಒಗೆಯೋಳು ನಾನೇ ಅಲ್ವಾ" ಅಂದರು.

"ಚಾಕೊಲೇಟ್ ಇರಬೇಕು ಅತ್ತೆ."

"ಅವನೆಲ್ಲಿ ತಿಂತಾನಮ್ಮ ಚಾಕೊಲೇಟು?"

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಾನು ಬಿಸ್ಕತ್ತು ಹಿಡಿದೆ, ಅವನು ಬಾಯಿ ತೆರೆದ. ವಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಅಂದೇ ಊಟದ ವಿವರ ಬರೆದುಕೊಟ್ಟು ಮಕ್ಕಳ ಡಾಕ್ಟರ ಬಳಿ ಕಳಿಸಿದೆ. ಸ್ಕರ್ವಿ. ಹಡಗಿನ ನಾವಿಕರ ಕಾಯಿಲೆ ಎಂದು ಶಾಲೆಯಲ್ಲಿ ಓದಿದ್ದೆವಲ್ಲ, ಅದೇ. ವಿಟಮಿನ್ ಸಿ ಸುಳಿಯದ ಊಟ 1ರಿಂದ 3 ತಿಂಗಳು ನಡೆದರೆ ಸಾಕು. ಮೂಳೆಯ ಹೊದಿಕೆಯಡಿ ರಕ್ತ ಒಸರಿ ಕಾಲೂರಲಾಗದಷ್ಟು ನೋಯುತ್ತದೆ. ಅದನ್ನು ಹೇಳಲು ಅವನಿಗೆ ಮಾತಿರಲಿಲ್ಲ.

ಆರು ತಿಂಗಳ ಹಿಂದಿನವರೆಗೆ ಮೋಸಂಬಿ ರಸ ಕುಡಿಯುತ್ತಿದ್ದನಂತೆ. ಅದರಲ್ಲಿ ಕಬ್ಬಿಣಾಂಶದ ಸಿರಪ್ ಬೆರೆಸಿ ಕೊಟ್ಟ ದಿನದಿಂದ ಆ ಲೋಟವನ್ನೇ ಮುಟ್ಟಲಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ: ಅವನು ನಂಬಿದ ತಿನಿಸಿನಲ್ಲಿ ಕದ್ದು ಏನನ್ನೂ ಬೆರೆಸಬೇಡಿ. ಡಾಕ್ಟರು ಬರೆದ ಔಷಧ ಔಷಧವಾಗಿಯೇ ಇರಲಿ. ಅವನಿಗೆ ತೋರಿಸಿ, ಬೇರೆ ಚಮಚದಲ್ಲಿ ಕೊಡಿ. ಕಬ್ಬಿಣ, ವಿಟಮಿನ್ ಡಿ, ಬಿ12 ಕೂಡ ಪರೀಕ್ಷೆ ಮಾಡಿಸಿ, ದುಂಡು ಕೆನ್ನೆ ನೋಡಿ ಮೋಸ ಹೋಗಬೇಡಿ. ತಟ್ಟೆಯ ಪಕ್ಕ ಪುಟ್ಟ ಬಟ್ಟಲಲ್ಲಿ ಒಂದು ಮೋಸಂಬಿ ತೊಳೆ ಇಡಿ. ತಿನ್ನು ಅನ್ನಬೇಡಿ, ಇದ್ದರೆ ಇರಲಿ.

"ಬಿಸ್ಕತ್ತನ್ನಾದ್ರೂ ನಿಲ್ಲಿಸಬೇಡ್ವಾ?" ತಂದೆಗೆ ಸಿಟ್ಟು ಬಂತು. ಬೇಡ ಅಂದೆ. ಇದಕ್ಕೆ ಸಹೋದ್ಯೋಗಿಗಳಿಂದಲೂ ಬೈಸಿಕೊಂಡಿದ್ದೇನೆ. ಆದರೆ ಮೂರರಲ್ಲಿ ಒಂದು ಕಿತ್ತರೆ ಉಳಿಯುವುದು ಎರಡು. ನಾಲ್ಕನೆಯದು ಹೆದರಿದ ಮಗುವಿನ ಬಾಯಿಗೆ ಬರುವುದಿಲ್ಲ. ಇಂಥ ಎಷ್ಟೋ ಮಕ್ಕಳಿಗೆ ಹಸಿವಿಗಿಂತ ಆ ಹೆದರಿಕೆಯೇ ದೊಡ್ಡದು.

ಔಷಧ ಶುರುವಾದ ಹತ್ತನೇ ದಿನ ಗೋಡೆ ಹಿಡಿದು ಅಡುಗೆಮನೆಗೆ ಬಂದನಂತೆ, ಬಿಸ್ಕತ್ತಿನ ಡಬ್ಬಿ ಹುಡುಕಿಕೊಂಡು. ಮೋಸಂಬಿ ತೊಳೆ ಇನ್ನೂ ಬಟ್ಟಲಲ್ಲೇ ಉಳಿಯುತ್ತಿದೆ. ಕಳೆದ ವಾರ ಅದನ್ನೆತ್ತಿ ಮೂಸಿ ನೋಡಿದ ಎಂದು ಹೇಳಲು ಅಜ್ಜಿ ಫೋನ್ ಮಾಡಿದ್ದರು.